ಮಾದಕ ವಸ್ತು ಪರೀಕ್ಷೆಗಳು ಮತ್ತು ಮನೆಬಳಕೆಯ ಕಿಟ್‌ಗಳು

ಗಾಂಜಾ, ಅಫೀಮು, ಹೆರಾಯಿನ್, ಕೊಕೇನ್, ಆಂಫೆಟಮಿನ್ ಮುಂತಾದ ಮಾದಕ ವಸ್ತುಗಳನ್ನು ಯಾರಾದರೂ ಇತ್ತೀಚೆಗೆ ಸೇವಿಸಿದ್ದಾರೆಯೇ ಎಂಬುದನ್ನು ಅವರ ಮೂತ್ರ, ಜೊಲ್ಲು, ರಕ್ತ, ಬೆವರು ಇಲ್ಲವೆ ಕೂದಲಿನಿಂದ ಪತ್ತೆಹಚ್ಚುವ ವಿಧಾನಗಳನ್ನು ಒಟ್ಟಾಗಿ ಮಾದಕ ವಸ್ತು ಪರೀಕ್ಷೆ ಎನ್ನುತ್ತಾರೆ. ವಿಧಿವಿಜ್ಞಾನ ಪ್ರಯೋಗಾಲಯದ ಭಾರಿ ಬೆಲೆಯ ಯಂತ್ರದಿಂದ ಹಿಡಿದು ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದಾದ ಬೆರಳಗಲದ ಪಟ್ಟಿಯವರೆಗೆ ಇದರ ಸಲಕರಣೆಗಳಿವೆ. ಸಲಕರಣೆ ಯಾವುದಾದರೂ ಅದು ಉತ್ತರಿಸುವ ಪ್ರಶ್ನೆ ಒಂದೇ, ಅದೂ ಬಹಳ ಕಿರಿದಾದದ್ದು: ಈ ಮಾದರಿಯಲ್ಲಿ ಇಂಥ ಅಣು ನಿಗದಿತ ಮಿತಿಗಿಂತ ಹೆಚ್ಚಾಗಿದೆಯೇ? ಸೇವಿಸಿದ್ದು ಎಂದು, ಎಷ್ಟು, ಆಗ ಅಮಲು ಇತ್ತೇ, ಆ ವ್ಯಕ್ತಿ ವ್ಯಸನಿಯೇ ಎಂಬ ಪ್ರಶ್ನೆಗಳಿಗೆ ಮೂತ್ರದ ಪಟ್ಟಿಯಲ್ಲಿ ಉತ್ತರವಿಲ್ಲ. ಕೆಲಸ ಕಳೆದುಕೊಂಡವರು, ಮನೆಯವರ ನಂಬಿಕೆ ಕಳೆದುಕೊಂಡ ಮಕ್ಕಳು, ಸುಮ್ಮನೆ ಆರೋಪ ಹೊತ್ತ ಚಾಲಕರು ಬಹುಪಾಲು ಈ ವ್ಯತ್ಯಾಸ ಮರೆತವರಿಂದಲೇ ನೊಂದಿದ್ದಾರೆ.

ಏನನ್ನು ಹುಡುಕುತ್ತಾರೆ

ದೇಹಕ್ಕೆ ಸೇರಿದ ಮಾದಕ ವಸ್ತು ಹೆಚ್ಚು ಹೊತ್ತು ತನ್ನ ಮೂಲ ರೂಪದಲ್ಲಿ ಉಳಿಯುವುದಿಲ್ಲ. ಯಕೃತ್ತಿನ ಕಿಣ್ವಗಳು ಅದನ್ನು ಒಡೆದು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತವೆ. ಆಮೇಲೆ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಆದ್ದರಿಂದ ಮೂತ್ರಪರೀಕ್ಷೆ ಹುಡುಕುವುದು ಹೆಚ್ಚಾಗಿ ಮೂಲವಸ್ತುವನ್ನಲ್ಲ, ಅದರಿಂದ ಹುಟ್ಟಿದ ಚಯಾಪಚಯ ಉತ್ಪನ್ನವನ್ನು. ಗಾಂಜಾದ ಅಮಲಿಗೆ ಕಾರಣ ಟಿಎಚ್‌ಸಿ. ಆದರೆ ಮೂತ್ರದಲ್ಲಿ ಸಿಗುವುದು ಅದರಿಂದಾದ, ಅಮಲೇರಿಸದ ಒಂದು ಕಾರ್ಬಾಕ್ಸಿ ಸಂಯುಕ್ತ. ಕೊಕೇನಿನದು ಬೆನ್ಜಾಯಿಲ್‌ಎಕ್ಗೊನೈನ್. ಹೆರಾಯಿನ್ ಕೆಲವೇ ನಿಮಿಷಗಳಲ್ಲಿ 6-ಮೊನೊಅಸಿಟೈಲ್ ಮಾರ್ಫಿನ್ ಆಗಿ, ಅಲ್ಲಿಂದ ಮಾರ್ಫಿನ್ ಆಗಿ ಬದಲಾಗುತ್ತದೆ. ಈ ನಡುವಿನ ಸಂಯುಕ್ತ ಮೂತ್ರದಲ್ಲಿ ಕೆಲವು ಗಂಟೆ ಮಾತ್ರ ಕಾಣುತ್ತದೆ. ಸಿಕ್ಕಿತೆಂದರೆ ಹೆರಾಯಿನ್ ಸೇವನೆಗೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇರಿಲ್ಲ, ಏಕೆಂದರೆ ಗಸಗಸೆಯಿಂದಾಗಲಿ ಕೆಮ್ಮಿನ ಔಷಧದಿಂದಾಗಲಿ ಅದು ಹುಟ್ಟುವುದಿಲ್ಲ.

ಮದ್ಯದ ಪರೀಕ್ಷೆಯ ದಾರಿ ಬೇರೆ. ರಕ್ತದ ಆಲ್ಕೋಹಾಲ್ ಶ್ವಾಸಕೋಶದ ಗಾಳಿಗೆ ಸೇರುವುದರಿಂದ ಉಸಿರನ್ನು ಅಳೆದರೆ ಸಾಕು. 1954ರಲ್ಲಿ ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ ರೂಪಿಸಿದ ಬ್ರೆತ್‌ಅಲೈಸರ್ ಇಂದಿನ ಸಂಚಾರ ಪೊಲೀಸರ ಕೈಯಲ್ಲಿರುವ ಉಪಕರಣದ ಹಿರಿಯ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲಿನ ಮಿತಿ ಹಾಕಿದೆ. ಮದ್ಯದಲ್ಲಿ ರಕ್ತದ ಪ್ರಮಾಣಕ್ಕೂ ಅಮಲಿಗೂ ಹತ್ತಿರದ ಸಂಬಂಧವಿದೆ. ಬೇರೆ ಮಾದಕ ವಸ್ತುಗಳಲ್ಲಿ, ಅದರಲ್ಲೂ ಗಾಂಜಾದಲ್ಲಿ, ಅಂಥ ನೇರ ಸಂಬಂಧ ಸಿಗುವುದಿಲ್ಲ.

ಬೆಳೆದು ಬಂದ ಬಗೆ

ಇಂದಿನ ಎಲ್ಲ ಕಿಟ್‌ಗಳ ಬೇರು ಮಧುಮೇಹದ ಸಂಶೋಧನೆಯಲ್ಲಿದೆ. ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ 1950ರ ದಶಕದ ಕೊನೆಯಲ್ಲಿ ರಕ್ತದ ಅತ್ಯಲ್ಪ ಇನ್ಸುಲಿನ್ನನ್ನು ಅಳೆಯಲು ಪ್ರತಿಕಾಯಗಳನ್ನು ಬಳಸುವ ರೇಡಿಯೊ ಇಮ್ಯುನೋಅಸೇ ವಿಧಾನ ಕಂಡುಹಿಡಿದರು. ಬರ್ಸನ್ 1972ರಲ್ಲಿ ತೀರಿಕೊಂಡರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಒಂದು ನಿರ್ದಿಷ್ಟ ಅಣುವನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ಪ್ರಾಣಿಯ ದೇಹದಲ್ಲಿ ತಯಾರಿಸಬಹುದು ಎಂದಾದ ಮೇಲೆ ಇನ್ಸುಲಿನ್ ಜಾಗದಲ್ಲಿ ಮಾರ್ಫಿನ್ ಇಡುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ.

ಅದನ್ನು ಸಾಮೂಹಿಕವಾಗಿ ಬಳಸುವಂತೆ ಮಾಡಿದ್ದು ವಿಯೆಟ್ನಾಂ ಯುದ್ಧ. ಅಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಹೆರಾಯಿನ್ ಹಬ್ಬಿದೆ ಎಂಬ ಸುದ್ದಿಯಿಂದ ದಿಗಿಲುಗೊಂಡ ನಿಕ್ಸನ್ ಸರ್ಕಾರ 1971ರ ಜೂನ್‌ನಲ್ಲಿ ತಾಯ್ನಾಡಿಗೆ ಹೊರಟ ಪ್ರತಿ ಸೈನಿಕನೂ ಮೂತ್ರದ ಮಾದರಿ ಕೊಡಬೇಕೆಂದು ವಿಧಿಸಿತು. ಪಾಸಿಟಿವ್ ಬಂದವರು ವಿಮಾನ ಹತ್ತುವ ಮೊದಲು ಅಲ್ಲೇ ಉಳಿದು ನಂಜು ಇಳಿಸಿಕೊಳ್ಳಬೇಕಿತ್ತು. ಊರಿಗೆ ಮರಳಿದ ಇದೇ ಸೈನಿಕರನ್ನು ಸಮಾಜಶಾಸ್ತ್ರಜ್ಞೆ ಲೀ ರಾಬಿನ್ಸ್ ಹಿಂಬಾಲಿಸಿ ಅಧ್ಯಯನ ಮಾಡಿದರು. ವಿಯೆಟ್ನಾಮಿನಲ್ಲಿ ಹೆರಾಯಿನ್ ಚಟ ಅಂಟಿಸಿಕೊಂಡಿದ್ದವರಲ್ಲಿ ಬಹುತೇಕರು ಮನೆಗೆ ಬಂದ ಮೇಲೆ ಮತ್ತೆ ಆ ಚಟಕ್ಕೆ ಬೀಳಲಿಲ್ಲ ಎಂಬುದು ಅವರ ತೀರ್ಮಾನ. ಸೇವನೆ ಬೇರೆ, ಬಿಡಲಾರದ ವ್ಯಸನ ಬೇರೆ ಎಂಬುದಕ್ಕೆ ಇಷ್ಟು ದೊಡ್ಡ ಪ್ರಮಾಣದ ಪುರಾವೆ ಪರೀಕ್ಷೆಯ ಆರಂಭದಲ್ಲೇ ಸಿಕ್ಕಿತ್ತು. ನೀತಿ ರೂಪಿಸಿದವರು ಅದಕ್ಕೆ ಕಿವಿಗೊಟ್ಟದ್ದು ಕಡಿಮೆ.

1981ರ ಮೇ 26ರಂದು ಅಮೆರಿಕದ ವಿಮಾನವಾಹಕ ಹಡಗು ನಿಮಿಟ್ಜ್ ಮೇಲೆ ಯುದ್ಧವಿಮಾನವೊಂದು ಅಪ್ಪಳಿಸಿ 14 ಜನ ಸತ್ತರು. ಸತ್ತ ಹಡಗಿನ ಸಿಬ್ಬಂದಿಯಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಕುರುಹು ಸಿಕ್ಕಿತು. ಕುರುಹು ಇದ್ದದ್ದಕ್ಕೂ ಅಪಘಾತಕ್ಕೂ ನಂಟಿದೆ ಎಂದು ಅದರಿಂದ ಸಾಬೀತಾಗದಿದ್ದರೂ ನೌಕಾಪಡೆಯಲ್ಲಿ ಕಟ್ಟುನಿಟ್ಟಿನ ಪರೀಕ್ಷೆ ಶುರುವಾಯಿತು. 1986ರ ಸೆಪ್ಟೆಂಬರ್‌ನಲ್ಲಿ ರೇಗನ್ ಆದೇಶ ಅದನ್ನು ಕೇಂದ್ರ ಸರ್ಕಾರದ ನೌಕರರಿಗೂ ವಿಸ್ತರಿಸಿತು. 1988ರಲ್ಲಿ ಹೊರಟ ಕಡ್ಡಾಯ ಮಾರ್ಗಸೂಚಿ ಗಾಂಜಾ, ಕೊಕೇನ್, ಅಫೀಮು ಮೂಲದ ವಸ್ತುಗಳು, ಆಂಫೆಟಮಿನ್‌ಗಳು ಮತ್ತು ಪಿಸಿಪಿ ಎಂಬ ಐದರ ಪಟ್ಟಿ ಮಾಡಿತು. ಅಮೆರಿಕದ ಅಂದಿನ ಚಿಂತೆಗಳಿಂದ ಹುಟ್ಟಿದ ಆ ಪಟ್ಟಿಯ ನೆರಳು ಇಂದು ನಮ್ಮಲ್ಲಿ ಮಾರಾಟವಾಗುವ ಕಿಟ್‌ಗಳ ಮೇಲೂ ಇದೆ. ಬೆಂಗಳೂರಿನ ಬೀದಿಯಲ್ಲಿ ಯಾರೂ ಮುಟ್ಟದ ಪಿಸಿಪಿಗೆ ಹಲವು ಕಿಟ್‌ಗಳಲ್ಲಿ ಜಾಗವಿದೆ. ಹುಡುಗರು ಮೂಗಿಗೆ ಹಿಡಿಯುವ ವೈಟ್ನರ್‌ಗೆ ಇಲ್ಲ.

ಪಟ್ಟಿಯೊಳಗೆ ನಡೆಯುವುದು

ಮನೆಬಳಕೆಯ ಕಿಟ್‌ನ ಜೀವಾಳ ನೈಟ್ರೊಸೆಲ್ಯುಲೋಸ್ ಎಂಬ ರಂಧ್ರಮಯ ಪೊರೆ. ಪಟ್ಟಿಯ ತುದಿಯನ್ನು ಗುರುತಿನವರೆಗೆ ಮೂತ್ರದಲ್ಲಿ ಹತ್ತು ಹದಿನೈದು ಸೆಕೆಂಡು ಅದ್ದಿದರೆ ದ್ರವ ತಾನಾಗಿಯೇ ಮೇಲಕ್ಕೆ ಹರಿಯತೊಡಗುತ್ತದೆ. ದಾರಿಯಲ್ಲಿ ಒಣಗಿ ಕೂತಿರುವ ಪ್ರತಿಕಾಯಗಳು ನೆನೆದು ಅದರ ಜೊತೆ ಹೊರಡುತ್ತವೆ. ಒಂದೊಂದು ಪ್ರತಿಕಾಯಕ್ಕೂ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಚಿನ್ನದ ಕಣ ಅಂಟಿಸಿರುತ್ತಾರೆ. ಅಷ್ಟು ಚಿಕ್ಕದಾದಾಗ ಚಿನ್ನದ ಬಣ್ಣ ಹಳದಿಯಲ್ಲ, ಕೆಂಪು. ಕಣಗಳು ಒಂದೆಡೆ ಗುಂಪಾಗಿ ನಿಂತರೆ ಗೆರೆ ಕಾಣುತ್ತದೆ.

ಪೊರೆಯ ಮೇಲೆ ಎರಡು ಜಾಗ ಗುರುತು ಮಾಡಿರುತ್ತಾರೆ. ಪರೀಕ್ಷಾ ಗೆರೆಯ ಜಾಗದಲ್ಲಿ ಹುಡುಕುತ್ತಿರುವ ಮಾದಕ ವಸ್ತುವನ್ನೇ ಒಂದು ಪ್ರೋಟೀನಿಗೆ ಕಟ್ಟಿ ಮೊದಲೇ ಅಂಟಿಸಿರುತ್ತಾರೆ. ಮೂತ್ರದಲ್ಲಿ ಮಾದಕ ವಸ್ತು ಇಲ್ಲದಿದ್ದರೆ ಚಿನ್ನ ಹೊತ್ತ ಪ್ರತಿಕಾಯಗಳು ಅಲ್ಲಿಗೆ ಬಂದು ಅದನ್ನು ಹಿಡಿದು ನಿಲ್ಲುತ್ತವೆ, ಗೆರೆ ಮೂಡುತ್ತದೆ. ಮೂತ್ರದಲ್ಲಿ ಆ ವಸ್ತು ಇದ್ದರೆ ದಾರಿಯಲ್ಲೇ ಪ್ರತಿಕಾಯಗಳಿಗೆ ಅದು ಅಂಟಿಕೊಂಡಿರುತ್ತದೆ. ಹಿಂದಿನ ಸ್ಟಾಪಿನಲ್ಲೇ ಸೀಟೆಲ್ಲ ತುಂಬಿದ ಬಸ್ಸಿನ ಹಾಗೆ ಅವು ಪರೀಕ್ಷಾ ಗೆರೆಯಲ್ಲಿ ಯಾರನ್ನೂ ಹತ್ತಿಸಿಕೊಳ್ಳದೆ ಮುಂದೆ ಸಾಗುತ್ತವೆ. ಅಲ್ಲಿ ಗೆರೆ ಮೂಡುವುದಿಲ್ಲ. ಇನ್ನೂ ಮೇಲಿರುವ ನಿಯಂತ್ರಣ ಗೆರೆ ಮಾತ್ರ ಎರಡೂ ಸಂದರ್ಭದಲ್ಲಿ ಬರಲೇಬೇಕು. ಅದು ಬರದಿದ್ದರೆ ಪಟ್ಟಿಯೇ ಕೆಟ್ಟಿದೆ, ಆ ಪರೀಕ್ಷೆಗೆ ಬೆಲೆಯಿಲ್ಲ.

ಅಂದರೆ ಎರಡು ಗೆರೆ ಬಂದರೆ ನೆಗೆಟಿವ್, ಒಂದೇ ಬಂದರೆ ಪಾಸಿಟಿವ್. ಗರ್ಭಧಾರಣೆ ಪರೀಕ್ಷೆಯ ಪಟ್ಟಿಯಲ್ಲಿ ಇದಕ್ಕೆ ಪೂರ್ತಿ ತಿರುವುಮುರುವು. ಆ ಪಟ್ಟಿಗೆ ಪಳಗಿದ ಕಣ್ಣು ಇದನ್ನು ತಪ್ಪಾಗಿ ಓದುವುದು ಸಹಜ. ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಪರೀಕ್ಷಾ ಗೆರೆ ಮಸುಕಾಗಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ತಿಳಿಯಾಗಿ ಬಂದರೂ ಅದು ನೆಗೆಟಿವೇ. ಮಸುಕು ಗೆರೆ ನೋಡಿ ‘ಸ್ವಲ್ಪ ಸೇವಿಸಿರಬೇಕು’ ಎಂದು ತೀರ್ಮಾನಿಸುವುದಕ್ಕೆ ಆಧಾರವಿಲ್ಲ. ಒಂದು ವಸ್ತುವಿನ ಗೆರೆ ಇನ್ನೊಂದರ ಗೆರೆಗಿಂತ ತಿಳಿಯಾಗಿರುವುದು ಪಟ್ಟಿಯ ತಯಾರಿಕೆಯಿಂದಲೂ ಆಗುತ್ತದೆ. ಓದಬೇಕಾದದ್ದು ಸಾಮಾನ್ಯವಾಗಿ ಐದನೇ ನಿಮಿಷಕ್ಕೆ. ಮರೆತು ಗಂಟೆಯ ಮೇಲೆ ನೋಡಿದ ಪಟ್ಟಿ ಏನು ಹೇಳಿದರೂ ಲೆಕ್ಕಕ್ಕಿಲ್ಲ.

ಮಿತಿ ಮತ್ತು ಗಸಗಸೆ

ಪಾಸಿಟಿವ್, ನೆಗೆಟಿವ್ ಎಂಬುದು ವಸ್ತು ಇದೆ, ಇಲ್ಲ ಎಂಬ ಅರ್ಥದ್ದಲ್ಲ. ಪ್ರತಿ ಪರೀಕ್ಷೆಗೂ ಒಂದು ಮಿತಿ ಇದೆ, ಅದನ್ನು ಒಂದು ಮಿಲಿಲೀಟರಿನಲ್ಲಿ ಎಷ್ಟು ನ್ಯಾನೋಗ್ರಾಂ ಎಂದು ಹೇಳುತ್ತಾರೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಭಾಗ. ಗಾಂಜಾಕ್ಕೆ ಪ್ರಾಥಮಿಕ ಪರೀಕ್ಷೆಯಲ್ಲಿ 50, ದೃಢೀಕರಣದಲ್ಲಿ 15 ಎಂಬುದು ಬಹಳ ಕಡೆ ಬಳಕೆಯಲ್ಲಿರುವ ಅಮೆರಿಕನ್ ಮಿತಿ. 51 ಬಂದವರು ಪಾಸಿಟಿವ್, 49 ಬಂದವರು ನೆಗೆಟಿವ್. ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ರಸಾಯನಶಾಸ್ತ್ರ ಹೇಳುವುದಿಲ್ಲ. ತಪ್ಪಿ ಸಿಕ್ಕಿಬೀಳುವವರ ಮತ್ತು ತಪ್ಪಿಸಿಕೊಂಡು ಹೋಗುವವರ ನಡುವೆ ಯಾರ ಸಂಖ್ಯೆ ಕಡಿಮೆಯಿರಬೇಕು ಎಂಬ ಆಯ್ಕೆ ಅದು. ಕ್ರೀಡಾಲೋಕದಲ್ಲಿ ಇದು ಎದ್ದು ಕಂಡಿದೆ. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೆನಡಾದ ಸ್ನೋಬೋರ್ಡ್ ಪಟು ರಾಸ್ ರೆಬಗ್ಲಿಯಾಟಿ ಅವರ ಚಿನ್ನದ ಪದಕ ಗಾಂಜಾ ಕುರುಹಿನಿಂದ ಕೈತಪ್ಪಿ, ಮೇಲ್ಮನವಿಯಲ್ಲಿ ಮರಳಿ ಬಂತು. ಅವರ ಮೂತ್ರದಲ್ಲಿದ್ದದ್ದು 17.8 ನ್ಯಾನೋಗ್ರಾಂ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2013ರಲ್ಲಿ ಈ ಮಿತಿಯನ್ನು 15ರಿಂದ 150ಕ್ಕೆ ಏರಿಸಿತು.

ಕನ್ನಡದ ಓದುಗರಿಗೆ ಹತ್ತಿರದ ಉದಾಹರಣೆ ಅಡುಗೆಮನೆಯಲ್ಲೇ ಇದೆ. ಗಸಗಸೆ ಅಫೀಮು ಗಿಡದ ಬೀಜ. ಬೀಜದೊಳಗೆ ಮಾರ್ಫಿನ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಯಿ ಒಡೆದು ಬೀಜ ಬಿಡಿಸುವಾಗ ಕಾಯಿಯ ಹಾಲು ಬೀಜದ ಮೈಗೆ ಮೆತ್ತಿಕೊಳ್ಳುತ್ತದೆ. ಯಾವ ಹೊಲದ್ದು, ಹೇಗೆ ಬಿಡಿಸಿದ್ದು, ತೊಳೆದದ್ದೋ ಅಲ್ಲವೋ ಎಂಬುದರ ಮೇಲೆ ಈ ಪ್ರಮಾಣ ವಿಪರೀತ ಏರುಪೇರಾಗುತ್ತದೆ. ಬ್ರೆಡ್ಡಿನ ಮೇಲೆ ಉದುರಿಸಿಕೊಳ್ಳುವ ಅಮೆರಿಕದಲ್ಲೇ ಗಸಗಸೆಯಿಂದ ಪಾಸಿಟಿವ್ ಬಂದವರ ದೂರುಗಳು ಹೆಚ್ಚಾಗಿ, 1998ರಲ್ಲಿ ಸರ್ಕಾರಿ ಪರೀಕ್ಷೆಗಳ ಮಾರ್ಫಿನ್ ಮಿತಿಯನ್ನು 300ರಿಂದ 2000 ನ್ಯಾನೋಗ್ರಾಂಗೆ ಏರಿಸಬೇಕಾಯಿತು. ಅದಾದ ಮೇಲೂ 2023ರ ಫೆಬ್ರುವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಗಸಗಸೆ ತಿನ್ನಬೇಡಿರೆಂದು ತನ್ನ ಸೈನಿಕರನ್ನು ಎಚ್ಚರಿಸಿತು. ಹುರಿದು ರುಬ್ಬಿ ಹಾಲು ತೆಗೆದು ಲೋಟಗಟ್ಟಲೆ ಗಸಗಸೆ ಪಾಯಸ ಕುಡಿಯುವ ನಮ್ಮಲ್ಲಿ ಹೊಟ್ಟೆಗೆ ಹೋಗುವ ಬೀಜ ಅದಕ್ಕಿಂತ ಎಷ್ಟೋ ಹೆಚ್ಚು. ಹುರಿಯುವುದರಿಂದ, ತೊಳೆಯುವುದರಿಂದ ಮಾರ್ಫಿನ್ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮನೆಬಳಕೆಯ ಅನೇಕ ಪಟ್ಟಿಗಳು ಇಂದಿಗೂ ಹಳೆಯ 300ರ ಮಿತಿಯಲ್ಲೇ ಕೆಲಸ ಮಾಡುತ್ತವೆ. ಹಬ್ಬದ ಮಾರನೆಯ ದಿನ ಇಂಥ ಪಟ್ಟಿ ಪಾಸಿಟಿವ್ ತೋರಿಸಿದರೆ ಆಶ್ಚರ್ಯವಿಲ್ಲ. ಪೊಟ್ಟಣದ ಮೇಲೆ ಯಾವ ಮಿತಿ ಬರೆದಿದೆ ಎಂದು ಮೊದಲು ನೋಡಬೇಕು. ಕೊಲ್ಲಿ ದೇಶಗಳಿಗೆ ಹೊರಟವರಿಗೆ ಇನ್ನೊಂದು ಮಾತು: ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸೌದಿ ಅರೇಬಿಯಾದಲ್ಲಿ ಗಸಗಸೆಯೇ ನಿಷಿದ್ಧ ವಸ್ತು, ಮಸಾಲೆ ಡಬ್ಬಿಯಲ್ಲಿ ಕೊಂಡೊಯ್ದರೂ ಕೇಸಾಗುತ್ತದೆ.

ತಪ್ಪಾಗಿ ಕಾಣುವುದು, ಕಾಣದೇ ಹೋಗುವುದು

ಪ್ರತಿಕಾಯ ಗುರುತಿಸುವುದು ಅಣುವಿನ ಆಕಾರದ ಒಂದು ಭಾಗವನ್ನು. ಅದೇ ಆಕಾರದ ತುಣುಕು ಬೇರೆ ಅಣುವಿನಲ್ಲಿದ್ದರೂ ಮೋಸಹೋಗುತ್ತದೆ. ನೆಗಡಿ ಮಾತ್ರೆಯ ಸ್ಯೂಡೊಎಫೆಡ್ರಿನ್, ರಕ್ತದೊತ್ತಡಕ್ಕೆ ಕೊಡುವ ಲ್ಯಾಬೆಟಲಾಲ್, ಹಿಂದೆ ಅಸಿಡಿಟಿಗೆ ಮನೆಮನೆಯಲ್ಲಿದ್ದ ರಾನಿಟಿಡಿನ್ ಕೆಲವು ಕಿಟ್‌ಗಳಲ್ಲಿ ಆಂಫೆಟಮಿನ್ ಎಂದು ಕಂಡಿವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಲೆವೊಫ್ಲಾಕ್ಸಾಸಿನ್ ವರ್ಗದ ಆಂಟಿಬಯೋಟಿಕ್‌ಗಳು ಕೆಲವು ಬಗೆಯ ಪರೀಕ್ಷೆಗಳಲ್ಲಿ ಅಫೀಮಿನ ಪಾಸಿಟಿವ್ ಕೊಟ್ಟ ದಾಖಲೆಗಳಿವೆ. ಎಚ್‌ಐವಿ ಔಷಧವಾದ ಎಫಾವಿರೆನ್ಸ್ ಗಾಂಜಾ ಎಂದು ಕಂಡಿದೆ. ಕ್ಷಯರೋಗಿಗಳು ಇಷ್ಟೊಂದಿರುವ ನಮ್ಮ ದೇಶದಲ್ಲಿ ಪರೀಕ್ಷೆಗೆ ಮೊದಲು ‘ಯಾವ ಮಾತ್ರೆ ತಗೊಳ್ತಿದ್ದೀರಿ?’ ಎಂದು ಕೇಳದೆ ಫಲಿತಾಂಶ ಬರೆಯುವುದು ಕ್ಷಮಿಸಲಾಗದ ಉಡಾಫೆ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನದು ಮಾತ್ರ ಸುಳ್ಳು ಪಾಸಿಟಿವ್ ಅಲ್ಲ. ಕೊಡೀನ್‌ನ ಒಂದಂಶ ದೇಹದಲ್ಲಿ ನಿಜಕ್ಕೂ ಮಾರ್ಫಿನ್ ಆಗುತ್ತದೆ. ಅಣು ನಿಜ, ಕಾರಣ ಮಾತ್ರ ವೈದ್ಯರ ಚೀಟಿ.

ಇದರ ಇನ್ನೊಂದು ಮುಖವನ್ನು ಜನ ಗಮನಿಸುವುದು ಇನ್ನೂ ಕಡಿಮೆ. ಅಫೀಮಿನ ಪಟ್ಟಿ ಮಾರ್ಫಿನ್ ಆಕಾರವನ್ನು ಹುಡುಕುತ್ತದೆ. ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್, ಮೆಥಡೋನ್, ಬ್ಯುಪ್ರೆನಾರ್ಫಿನ್ ಅದೇ ಬಗೆಯ ಪರಿಣಾಮ ಬೀರಿದರೂ ಆಕಾರ ಬೇರೆಯಾದ್ದರಿಂದ ಆ ಪಟ್ಟಿಗೆ ಕಾಣುವುದಿಲ್ಲ, ಅವಕ್ಕೆ ಬೇರೆಯೇ ಪಟ್ಟಿ ಬೇಕು. ಕೃತಕ ಗಾಂಜಾ ಸಂಯುಕ್ತಗಳು ಟಿಎಚ್‌ಸಿ ಪಟ್ಟಿಗೆ ಸಿಗವು. ಮೆಫೆಡ್ರೋನ್ ಅನ್ನು ಆಂಫೆಟಮಿನ್ ಪಟ್ಟಿ ಹಿಡಿಯುತ್ತದೆ ಎಂಬ ಭರವಸೆಯಿಲ್ಲ. ಸೊಲ್ಯೂಶನ್, ವೈಟ್ನರ್, ಥಿನ್ನರ್ ಮೂಸುವವರ ಮೂತ್ರದಲ್ಲಿ ಟಾಲ್ವೀನ್‌ನ ಉತ್ಪನ್ನವಾದ ಹಿಪ್ಯೂರಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು, ಮನೆಯ ಕಿಟ್ ಅಲ್ಲಿ ಕುರುಡು. ಹಾಗಾಗಿ ‘ಎಲ್ಲ ನೆಗೆಟಿವ್’ ಎಂದರೆ ಹುಡುಕಿದವುಗಳಲ್ಲಿ ಯಾವುದೂ ಮಿತಿ ದಾಟಿಲ್ಲ ಎಂದಷ್ಟೇ.

ಎಷ್ಟು ದಿನ ಉಳಿಯುತ್ತದೆ

ಮೂತ್ರದಲ್ಲಿ ಕೊಕೇನ್, ಆಂಫೆಟಮಿನ್, ಮಾರ್ಫಿನ್‌ಗಳ ಕುರುಹು ಸುಮಾರು ಎರಡು ಮೂರು ದಿನ. ಡಯಜೆಪಾಮ್‌ನಂಥ ನಿಧಾನ ಕರಗುವ ನಿದ್ದೆ ಮಾತ್ರೆಗಳನ್ನು ಬಹಳ ಕಾಲ ತೆಗೆದುಕೊಂಡಿದ್ದರೆ ವಾರಗಟ್ಟಲೆ. ಗಾಂಜಾದ್ದೇ ವಿಶೇಷ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಅಲ್ಲೇ ಶೇಖರವಾಗಿ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳಿಯುತ್ತದೆ. ಎಂದೋ ಒಮ್ಮೆ ಸೇದಿದವರಲ್ಲಿ ಎರಡು ಮೂರು ದಿನಕ್ಕೆ ಮರೆಯಾಗುವ ಕುರುಹು, ದಿನವೂ ಸೇದುತ್ತಿದ್ದವರಲ್ಲಿ ಬಿಟ್ಟು ತಿಂಗಳಾದರೂ ಕಾಣಿಸಬಹುದು. ಬಿಟ್ಟು ಮೂರು ವಾರ ಕಷ್ಟಪಟ್ಟ ಹುಡುಗನ ಪಟ್ಟಿಯಲ್ಲಿ ಪಾಸಿಟಿವ್ ನೋಡಿ ‘ಸುಳ್ಳು ಹೇಳುತ್ತಿದ್ದಾನೆ’ ಎನ್ನುವುದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ. ವ್ಯಸನ ವೈದ್ಯರು ಇಂಥಲ್ಲಿ ಒಂದೇ ಫಲಿತಾಂಶ ನೆಚ್ಚದೆ, ವಾರದಿಂದ ವಾರಕ್ಕೆ ಪ್ರಮಾಣ ಇಳಿಯುತ್ತಿದೆಯೇ ಎಂದು ಮೂತ್ರ ಎಷ್ಟು ತೆಳುವಾಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಜೊತೆ ಹೋಲಿಸಿ ನೋಡುತ್ತಾರೆ.

ಜೊಲ್ಲು ಒಂದೆರಡು ದಿನದ ಕತೆ ಹೇಳುತ್ತದೆ, ರಕ್ತ ಇನ್ನೂ ಕಡಿಮೆ ಅವಧಿಯದು. ರಸ್ತೆಬದಿಯ ತಪಾಸಣೆಗೆ ಜೊಲ್ಲು ಅನುಕೂಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2004ರ ಡಿಸೆಂಬರ್‌ನಲ್ಲಿ ಚಾಲಕರನ್ನು ನಿಲ್ಲಿಸಿ ಜೊಲ್ಲು ಪರೀಕ್ಷಿಸುವ ಕ್ರಮವನ್ನು ಜಗತ್ತಿನಲ್ಲೇ ಮೊದಲಿಗೆ ಶುರುಮಾಡಿತು. ಟಿವಿ ಕ್ಯಾಮೆರಾಗಳ ಮುಂದೆ ಮೊದಲು ‘ಸಿಕ್ಕಿಬಿದ್ದ’ ಚಾಲಕನ ಮಾದರಿ ಪ್ರಯೋಗಾಲಯಕ್ಕೆ ಹೋದಾಗ ನೆಗೆಟಿವ್ ಎಂದು ತಿಳಿಯಿತು. ಅಷ್ಟರಲ್ಲಿ ಅವರ ಮುಖ ದೇಶಕ್ಕೆಲ್ಲ ಪರಿಚಯವಾಗಿತ್ತು.

ಕೂದಲಿಗೆ ನೆನಪು ಹೆಚ್ಚು. ಬೇರಿನ ಬಳಿಯ ರಕ್ತದಿಂದ ಮಾದಕ ವಸ್ತು ಬೆಳೆಯುತ್ತಿರುವ ಕೂದಲಿಗೆ ಸೇರಿಕೊಳ್ಳುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ ಸುಮಾರು ಮೂರು ಸೆಂಟಿಮೀಟರಿನಲ್ಲಿ ಮೂರು ತಿಂಗಳ ದಾಖಲೆ ಇರುತ್ತದೆ. ಆದರೆ ಕೂದಲಿನ ಕಪ್ಪಿಗೆ ಕಾರಣವಾದ ಮೆಲನಿನ್‌ಗೆ ಹಲವು ಮಾದಕ ವಸ್ತುಗಳು ಹೆಚ್ಚು ಅಂಟುತ್ತವೆ. ಒಂದೇ ಪ್ರಮಾಣ ಸೇವಿಸಿದರೂ ಕಪ್ಪು ಕೂದಲಿನವರಲ್ಲಿ ಹೊಂಬಣ್ಣದವರಿಗಿಂತ ಹೆಚ್ಚು ಸಿಗಬಹುದು ಎಂಬ ಆಕ್ಷೇಪ ಇದರಿಂದ ಹುಟ್ಟಿದೆ. ಹೊಗೆ, ಪುಡಿ ಹೊರಗಿನಿಂದ ಕೂದಲಿಗೆ ಮೆತ್ತಿದ್ದನ್ನು ತೊಳೆದು ಬೇರ್ಪಡಿಸುವುದೂ ಸುಲಭವಲ್ಲ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರಿಂದ ಮೈಗೂದಲು ತೆಗೆದುಕೊಳ್ಳಬಹುದಾದರೂ ಅದು ಬೆಳೆಯುವ ಲಯ ಬೇರೆಯಾದ್ದರಿಂದ ತಿಂಗಳ ಲೆಕ್ಕ ಸಿಗುವುದಿಲ್ಲ.

ಮಾದರಿಯನ್ನು ಕಾಯುವುದು

ಪರೀಕ್ಷೆಯ ವಿಶ್ವಾಸಾರ್ಹತೆ ಯಂತ್ರಕ್ಕಿಂತ ಮೊದಲು ಬಚ್ಚಲಿನಲ್ಲಿ ನಿರ್ಧಾರವಾಗುತ್ತದೆ. ಕ್ರಮಬದ್ಧ ಸಂಗ್ರಹ ಕೇಂದ್ರದಲ್ಲಿ ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿ, ನಲ್ಲಿ ಬಂದ್ ಮಾಡಿ, ಹೊರ ಅಂಗಿಯನ್ನೂ ಚೀಲವನ್ನೂ ಹೊರಗಿಡಿಸುತ್ತಾರೆ. ಕೊಟ್ಟ ಮಾದರಿ ನಾಲ್ಕು ನಿಮಿಷದೊಳಗೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಬೆಚ್ಚಗಿರಬೇಕು. ಬೇರೆಯವರದ್ದನ್ನು ಜೇಬಿನಲ್ಲಿ ತಂದಿದ್ದರೆ ಸಾಮಾನ್ಯವಾಗಿ ಇಲ್ಲೇ ಗೊತ್ತಾಗುತ್ತದೆ. ನೀರು ಕುಡಿದು ತೆಳುವಾಗಿಸಿದ್ದನ್ನು ಕ್ರಿಯಾಟಿನಿನ್ ತೋರಿಸಿಕೊಡುತ್ತದೆ. 100 ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದು ಸಾಂದ್ರತೆಯೂ ಇಳಿದಿದ್ದರೆ ತೆಳು ಮಾದರಿ. 2ಕ್ಕಿಂತ ಕೆಳಗಿಳಿದರೆ ಅದು ಮನುಷ್ಯನ ಮೂತ್ರವೆಂದು ಒಪ್ಪುವುದೇ ಕಷ್ಟ. ಮಾದರಿಯನ್ನು ಎರಡು ಬಾಟಲಿಗೆ ಹಂಚಿ, ಕೊಟ್ಟವರ ಎದುರೇ ಮೊಹರು ಹಾಕಿ, ಯಾರ ಕೈಯಿಂದ ಯಾರ ಕೈಗೆ ಎಷ್ಟು ಗಂಟೆಗೆ ಹೋಯಿತೆಂಬ ದಾಖಲೆ ಇಡುತ್ತಾರೆ. ಎರಡನೆಯ ಬಾಟಲಿ ಇರುವುದು ಫಲಿತಾಂಶವನ್ನು ಪ್ರಶ್ನಿಸುವವರ ಹಕ್ಕಿಗಾಗಿ. ಆ ಬಾಟಲಿ ಇಲ್ಲದ ಪರೀಕ್ಷೆಯ ಮೇಲೆ ಯಾರನ್ನೂ ಶಿಕ್ಷಿಸಬಾರದು.

ದೃಢೀಕರಣ

ಪ್ರಾಥಮಿಕ ಪರೀಕ್ಷೆ ಅನುಮಾನ ಹುಟ್ಟಿಸಬಹುದು, ತೀರ್ಮಾನ ಕೊಡಲಾರದು. ತೀರ್ಮಾನಕ್ಕೆ ಗ್ಯಾಸ್ ಇಲ್ಲವೆ ಲಿಕ್ವಿಡ್ ಕ್ರೊಮಟೋಗ್ರಫಿಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಮಾದರಿಯ ಘಟಕಗಳು ಉದ್ದನೆಯ ಸಣ್ಣ ನಳಿಕೆಯಲ್ಲಿ ಒಂದೊಂದೂ ತನ್ನದೇ ವೇಗದಲ್ಲಿ ಸಾಗಿ ಬೇರೆಯಾಗುತ್ತವೆ. ಹೊರಬಂದ ಪ್ರತಿ ಅಣುವಿಗೂ ವಿದ್ಯುದಾವೇಶ ಕೊಟ್ಟು ಚೂರು ಮಾಡುತ್ತಾರೆ. ಯಾವ ತೂಕದ ಚೂರು ಎಷ್ಟು ಎಂಬ ವಿನ್ಯಾಸ ಆ ಅಣುವಿನ ಬೆರಳಚ್ಚು. ಹೊರಬಂದ ಸಮಯ ಮತ್ತು ಚೂರುಗಳ ವಿನ್ಯಾಸ ಎರಡೂ ಹೊಂದಿದರೆ ಬೇರೆ ಅಣುವೆಂದು ವಾದಿಸುವುದು ಬಹಳ ಕಷ್ಟ. ನೆಗಡಿ ಮಾತ್ರೆ, ಕ್ಷಯದ ಮಾತ್ರೆಗಳ ಗೊಂದಲ ಇಲ್ಲಿ ಕಳೆಯುತ್ತದೆ. ಗಸಗಸೆಯದು ಪೂರ್ತಿ ಕಳೆಯುವುದಿಲ್ಲ, ಏಕೆಂದರೆ ಪಾಯಸದ ಮಾರ್ಫಿನ್ನೂ ಮಾರ್ಫಿನ್ನೇ. ಜೊತೆಗೆ ಅಫೀಮು ಗಿಡದ ಇನ್ನೊಂದು ಸಂಯುಕ್ತವಾದ ಥೆಬೈನ್ ಸಿಕ್ಕರೆ ಬಂದದ್ದು ಗಿಡದಿಂದ, ಹೆರಾಯಿನ್‌ನಿಂದಲ್ಲ ಎನ್ನಲು ಆಧಾರ ಸಿಗುತ್ತದೆ. ಆದರೆ ಹಸಿ ಅಫೀಮಿನಲ್ಲೂ ಥೆಬೈನ್ ಇದೆ.

ದೃಢೀಕರಣ ಏಕೆ ಐಚ್ಛಿಕವಲ್ಲ ಎಂಬುದು ಸರಳ ಲೆಕ್ಕದಲ್ಲಿ ತಿಳಿಯುತ್ತದೆ. ಸಾವಿರ ನೌಕರರಿರುವ ಕಚೇರಿಯಲ್ಲಿ 20 ಜನ ನಿಜಕ್ಕೂ ಮಾದಕ ವಸ್ತು ಬಳಸುತ್ತಾರೆ ಎಂದುಕೊಳ್ಳೋಣ. ಕಿಟ್ ನೂರಕ್ಕೆ 95ರಷ್ಟು ಸಲ ಸರಿ ಹೇಳುತ್ತದೆ ಎಂದಿರಲಿ. ಬಳಸುವ 20ರಲ್ಲಿ 19 ಜನ ಸಿಗುತ್ತಾರೆ. ಬಳಸದ 980 ಜನರಲ್ಲಿ ನೂರಕ್ಕೆ ಐದರಂತೆ 49 ಜನರಿಗೂ ಪಾಸಿಟಿವ್ ಬರುತ್ತದೆ. ಒಟ್ಟು 68 ಪಾಸಿಟಿವ್‌ಗಳಲ್ಲಿ 49 ನಿರಪರಾಧಿಗಳು. ಕಿಟ್ ಕೆಟ್ಟದ್ದೆಂದು ಇದರ ಅರ್ಥವಲ್ಲ, ಬಳಸುವವರು ವಿರಳವಾದ ಗುಂಪಿನಲ್ಲಿ ಒಳ್ಳೆಯ ಕಿಟ್‌ನಿಂದಲೂ ಹೀಗಾಗಬಹುದು. ವ್ಯಸನಮುಕ್ತಿ ಕೇಂದ್ರದಲ್ಲಿ ಅದೇ ಕಿಟ್ ಬಹಳ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅಲ್ಲಿಗೆ ಬಂದವರಲ್ಲಿ ಬಳಸಿದವರೇ ಹೆಚ್ಚು.

ಭಾರತದ ಕಾನೂನಿನಲ್ಲಿ

1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆಯ 27ನೇ ಸೆಕ್ಷನ್ ಸೇವನೆಯನ್ನೂ ಅಪರಾಧವೆನ್ನುತ್ತದೆ. ಕೊಕೇನ್, ಮಾರ್ಫಿನ್, ಹೆರಾಯಿನ್‌ಗಳಿಗೆ ಒಂದು ವರ್ಷದವರೆಗೆ, ಉಳಿದವಕ್ಕೆ ಆರು ತಿಂಗಳವರೆಗೆ ಸೆರೆ ಇಲ್ಲವೆ ದಂಡ. ಅದೇ ಕಾಯ್ದೆಯ 64ಎ ಸೆಕ್ಷನ್ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಸೇವನೆಯ ಸುದ್ದಿಗಳಲ್ಲಿ 27 ಕೇಳಿಬರುವಷ್ಟು 64ಎ ಕೇಳಿಬರುವುದಿಲ್ಲ ಎಂಬುದು ಖೇದದ ಸಂಗತಿ. ಆರೋಪಿಯ ರಕ್ತ, ಕೂದಲು, ಬೆವರುಗಳನ್ನು ವೈದ್ಯರ ಮೂಲಕ ಪಡೆಯಲು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 53ನೇ ಸೆಕ್ಷನ್, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನು ತಡೆಯಿತು. ಮನಸ್ಸಿನಿಂದ ಮಾತು ಹೊರಡಿಸುವುದನ್ನು ಅದು ದೇಹದಿಂದ ಭೌತಿಕ ಮಾದರಿ ಪಡೆಯುವುದರಿಂದ ಬೇರೆಯಾಗಿಯೇ ಕಂಡಿತು.

ಗಾಂಜಾ ವಿಷಯದಲ್ಲಿ ಕಾನೂನಿಗೂ ರಸಾಯನಶಾಸ್ತ್ರಕ್ಕೂ ತಾಳೆಯಾಗದ ಒಂದು ಜಾಗವಿದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂ, ಕಾಯಿಯ ತುದಿಗಳು, ಬರೀ ಎಲೆ ಮತ್ತು ಬೀಜ ಅದರೊಳಗೆ ಬರುವುದಿಲ್ಲ. ಎಲೆಯಿಂದ ಮಾಡುವ ಭಂಗಿ ಹೀಗೆ ಹೊರಗುಳಿದಿದೆ. ಕರ್ನಾಟಕ ಹೈಕೋರ್ಟ್ ಕೂಡ 2022ರ ಒಂದು ಜಾಮೀನು ಆದೇಶದಲ್ಲಿ ಈ ವ್ಯತ್ಯಾಸ ಎತ್ತಿಹಿಡಿಯಿತು. ಮೂತ್ರದ ಪಟ್ಟಿಗೆ ಈ ಭೇದ ಗೊತ್ತಿಲ್ಲ. ಶಿವರಾತ್ರಿಯಲ್ಲಿ ಭಂಗಿ ಕುಡಿದವರ ಮೂತ್ರದಲ್ಲೂ ಗಾಂಜಾ ಸೇದಿದವರ ಮೂತ್ರದಲ್ಲೂ ಸಿಗುವ ಸಂಯುಕ್ತ ಒಂದೇ.

ಕೆಲಸದ ಸ್ಥಳದ ಪರೀಕ್ಷೆಗೆ ನಮ್ಮಲ್ಲಿ ಸ್ಪಷ್ಟ ನಿಯಮವಿರುವುದು ಕೆಲವೇ ಕಡೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2022ರ ಜನವರಿ 31ರಿಂದ ವಿಮಾನ ಸಿಬ್ಬಂದಿ ಮತ್ತು ವಾಯುಸಂಚಾರ ನಿಯಂತ್ರಕರಲ್ಲಿ ಪ್ರತಿವರ್ಷ ಕನಿಷ್ಠ ನೂರಕ್ಕೆ ಹತ್ತರಷ್ಟು ಜನರನ್ನು ಯಾದೃಚ್ಛಿಕವಾಗಿ ಪರೀಕ್ಷಿಸಬೇಕೆಂದು ವಿಧಿಸಿದೆ. ಪಾಸಿಟಿವ್ ಬಂದದ್ದನ್ನು ದೃಢೀಕರಣಕ್ಕೆ ಕಳಿಸುವುದು ಅಲ್ಲಿ ಕಡ್ಡಾಯ.

ಪೊಲೀಸರ ಬಳಿಯ ‘ಡ್ರಗ್ ಡಿಟೆಕ್ಷನ್ ಕಿಟ್’ ಇದಕ್ಕಿಂತ ಬೇರೆ, ಅದು ದೇಹವನ್ನಲ್ಲ, ಸಿಕ್ಕ ಪುಡಿಯನ್ನು ಪರೀಕ್ಷಿಸುತ್ತದೆ. ಗಂಧಕಾಮ್ಲ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿದ ಮಾರ್ಕ್ವಿಸ್ ದ್ರಾವಣ ಅಫೀಮಿನ ವಸ್ತುಗಳಿಗೆ ನೇರಳೆ, ಆಂಫೆಟಮಿನ್‌ಗೆ ಕಿತ್ತಳೆ ಕಂದು ಬಣ್ಣ ಕೊಡುತ್ತದೆ. ಕೋಬಾಲ್ಟ್ ಥಯೋಸಯನೇಟ್ ಕೊಕೇನಿಗೆ ನೀಲಿಯಾಗುತ್ತದೆ. ಈ ಬಣ್ಣಗಳೂ ಅನುಮಾನಕ್ಕಷ್ಟೇ ಆಧಾರ. ಮೂತ್ರಕ್ಕೆಂದು ತಯಾರಾದ ಫೆಂಟನಿಲ್ ಪಟ್ಟಿಯನ್ನು ಕೆನಡಾದ ವ್ಯಾಂಕೂವರಿನ ಇನ್‌ಸೈಟ್ ಕೇಂದ್ರ 2016ರಲ್ಲಿ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ, ಹೆರಾಯಿನಿಗೆ ಫೆಂಟನಿಲ್ ಬೆರೆತಿದೆಯೇ ಎಂದು ಬಳಸುವವರಿಗೆ ಮೊದಲೇ ತಿಳಿಸತೊಡಗಿತು. ಜನರನ್ನು ಹಿಡಿಯಲು ಹುಟ್ಟಿದ ತಂತ್ರ ಜೀವ ಉಳಿಸಲು ತಿರುಗಿದ ಅಪರೂಪದ ಪ್ರಸಂಗವಿದು. 2021ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರವೂ ಇದಕ್ಕೆ ಅನುದಾನ ಬಳಸಲು ಒಪ್ಪಿತು.

ಮನೆಯಲ್ಲಿ, ಚಿಕಿತ್ಸಾಲಯದಲ್ಲಿ

ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಸುಮಾರು 3.1 ಕೋಟಿ ಜನ ಗಾಂಜಾ ಮೂಲದ ವಸ್ತುಗಳನ್ನೂ 2.26 ಕೋಟಿ ಜನ ಅಫೀಮು ವರ್ಗದವನ್ನೂ ಬಳಸುತ್ತಾರೆಂದು ಅಂದಾಜಿಸಿತು. ತಂದೆತಾಯಿಯರ ಆತಂಕ ಸುಳ್ಳಲ್ಲ. ಕಿಟ್ ತರಿಸುವ ಕೈ ಹೆಚ್ಚಾಗಿ ಅವರದೇ. ಆದರೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲೇ ಮನೆಯಲ್ಲಿ ಮಕ್ಕಳನ್ನು ಪರೀಕ್ಷಿಸುವುದಕ್ಕೆ ಬೆಂಬಲ ಕೊಡಲಾಗದೆಂದು ಹೇಳಿತು. ಕಾರಣಗಳು ಮೇಲೆ ಹೇಳಿದವೇ: ಮಾದರಿಯನ್ನು ಕಾಯುವ ವ್ಯವಸ್ಥೆ ಮನೆಯಲ್ಲಿಲ್ಲ, ಓದುವುದರಲ್ಲಿ ತಪ್ಪಾಗುತ್ತದೆ, ದೃಢೀಕರಣವಿಲ್ಲ. ಕದ್ದು ಪರೀಕ್ಷಿಸಿದ್ದು ಗೊತ್ತಾದ ಮೇಲೆ ಮಗ ಅಥವಾ ಮಗಳು ಬಾಯಿ ಬಿಡುವುದೇ ಇಲ್ಲ ಎಂಬುದು ಇವೆಲ್ಲಕ್ಕಿಂತ ದೊಡ್ಡ ನಷ್ಟ.

ಅದೇ ಪಟ್ಟಿ ಚಿಕಿತ್ಸೆಯ ಕೈಗೆ ಬಂದಾಗ ಏನು ಮಾಡಬಲ್ಲದು ಎಂಬುದನ್ನು ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗಿನ್ಸ್ 1990ರ ದಶಕದ ಆರಂಭದಲ್ಲಿ ತೋರಿಸಿದರು. ಕೊಕೇನ್ ಬಿಡಲು ಬಂದವರು ಪ್ರತಿ ನೆಗೆಟಿವ್ ಮಾದರಿಗೆ ಬೇಕಾದ ವಸ್ತು ಕೊಳ್ಳಬಹುದಾದ ವೋಚರ್ ಪಡೆಯುತ್ತಿದ್ದರು. ಸತತ ನೆಗೆಟಿವ್ ಬಂದಷ್ಟೂ ವೋಚರಿನ ಬೆಲೆ ಏರುತ್ತಿತ್ತು. ಸಾಮಾನ್ಯ ಆಪ್ತಸಮಾಲೋಚನೆ ಪಡೆದವರಿಗಿಂತ ಇವರಲ್ಲಿ ಹೆಚ್ಚು ಜನ ಚಿಕಿತ್ಸೆಯಲ್ಲಿ ಉಳಿದರು, ಹೆಚ್ಚು ಕಾಲ ಕೊಕೇನಿನಿಂದ ದೂರವಿದ್ದರು. ಅಫೀಮು ವರ್ಗದ ವ್ಯಸನಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿ ಆ ಔಷಧದ ಪಟ್ಟಿ ಪಾಸಿಟಿವ್ ಬರುವುದೇ ಒಳ್ಳೆಯ ಸುದ್ದಿ, ರೋಗಿ ಮಾತ್ರೆಯನ್ನು ಮಾರದೆ ತಾನೇ ತೆಗೆದುಕೊಳ್ಳುತ್ತಿದ್ದಾರೆ ಎಂಬುದಕ್ಕೆ ಅದು ಗುರುತು.

ಮನೆಯಲ್ಲಿ ಈಗಾಗಲೇ ಪಟ್ಟಿ ಬಳಸಿ ಪಾಸಿಟಿವ್ ಕಂಡವರು ಕಳೆದ ಎರಡು ವಾರದಲ್ಲಿ ತೆಗೆದುಕೊಂಡ ಮಾತ್ರೆ, ಸಿರಪ್, ತಿಂದ ಗಸಗಸೆ ಎಲ್ಲವನ್ನೂ ಬರೆದಿಟ್ಟು, ಕಿಟ್‌ನ ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಿ ಮಾಸ್ ಸ್ಪೆಕ್ಟ್ರೋಮೆಟ್ರಿ ದೃಢೀಕರಣ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಂಖ್ಯೆ 14416, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಎರಡಕ್ಕೂ ಕರೆ ಉಚಿತ, ಮನೆಯವರೂ ಮಾಡಬಹುದು.